ಕುವೈತ್‌ನಲ್ಲಿ ಪೈಥಾನ್ ಪಾಠ

ಕುವೈತ್ ಬಡ ದೇಶವಲ್ಲ. ಇಲ್ಲಿನ ಭಾರತೀಯ ಶಾಲೆಗಳಲ್ಲಿ ಲ್ಯಾಬೂ ಇದೆ, ಎ.ಸಿ.ಯೂ ಇದೆ. ಆದರೂ ಇಲ್ಲಿನ ಅಬ್ಬಾಸಿಯಾ ಬಡಾವಣೆಯಲ್ಲಿ ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಮಿಂಗ್ ಹೇಳಿಕೊಡಲು ಕೂತರೆ ಎದುರಾಗುವ ತೊಡಕುಗಳಲ್ಲಿ ಇಲ್ಲಿನವೂ ಇವೆ, ನಮ್ಮೂರಿನವೂ ಇವೆ. ಶುಕ್ರವಾರದ ರಜೆಯಲ್ಲಿ ಶಾಲೆಯ ಮಕ್ಕಳಿಗೂ ದುಡಿಯಲು ಬಂದ ಹುಡುಗರಿಗೂ ಕಲಿಸುತ್ತ ನನಗೆ ತಿಳಿದದ್ದು ಇಷ್ಟು.

1. ಮೊದಲು ಕೀಬೋರ್ಡ್ ನೋಡಿ. ಇಲ್ಲಿ ಕೊಂಡ ಲ್ಯಾಪ್‌ಟಾಪ್‌ಗಳಲ್ಲಿ ಅರಬ್ಬಿ ಅಕ್ಷರಗಳೂ ಇರುತ್ತವೆ. ಆಲ್ಟ್, ಶಿಫ್ಟ್ ಒಟ್ಟಿಗೆ ಒತ್ತಿಹೋದರೆ ಕೀಬೋರ್ಡ್ ಅರಬ್ಬಿಗೆ ಬದಲಾಗಿ ಅರಬ್ಬಿ ಅಲ್ಪವಿರಾಮ ನುಸುಳಬಹುದು. ಪೈಥಾನ್ ಅದನ್ನು ಒಪ್ಪುವುದಿಲ್ಲ. ಹುಡುಗ ತನಗೆ ತಲೆಯೇ ಇಲ್ಲ ಅಂದುಕೊಳ್ಳುತ್ತಾನೆ. ದೋಷ ಸಂದೇಶದ ಕೊನೆಯ ಸಾಲನ್ನು ಮೊದಲು ಓದುವ ರೂಢಿ ಮಾಡಿಸಿ.

2. ಲೆಕ್ಕ ಇಲ್ಲಿನದೇ ಇರಲಿ. ರೂಪಾಯಿಗೆ ಎರಡು ದಶಮಾಂಶ ಸಾಕು. ದಿನಾರಿಗೆ 1000 ಫಿಲ್ಸ್, ಮೂರು ಬೇಕು. ಬಕಾಲಾ (ದಿನಸಿ) ಅಂಗಡಿಯ ಬಿಲ್ಲಿಗೆ ಪ್ರೋಗ್ರಾಮ್ ಬರೆಸಿದರೆ ಪುಸ್ತಕದ ಉತ್ತರ ಹೊಂದುವುದೇ ಇಲ್ಲ, ಯೋಚಿಸಲೇಬೇಕು. 0.1ಕ್ಕೆ 0.2 ಕೂಡಿಸಿದಾಗ 0.30000000000000004 ಬಂತೆಂದು ಗಲಾಟೆ ಏಳುತ್ತದೆ. ಏಳಲಿ. ಕಂಪ್ಯೂಟರಿನ ದ್ವಿಮಾನದಲ್ಲಿ 0.1 ಪೂರ್ತಿಯಾಗಿ ಕೂರುವುದಿಲ್ಲ ಎಂದು ಹೇಳಲು ಅದೇ ಸರಿಯಾದ ಹೊತ್ತು. ಆಮೇಲೆ ಎಲ್ಲವನ್ನೂ ಫಿಲ್ಸ್‌ನಲ್ಲಿ, ಪೂರ್ಣಾಂಕದಲ್ಲೇ ಮಾಡಿಸಿ.

3. ಕನ್ನಡಕ್ಕೆ ಸಂಕೋಚ ಬೇಡ. 'ಸಂಬಳ', 'ಬಾಡಿಗೆ' ಎಂದು ಚರಗಳಿಗೆ ಹೆಸರಿಟ್ಟರೆ ಪೈಥಾನ್ 3 ತಕರಾರಿಲ್ಲದೆ ಒಪ್ಪುತ್ತದೆ. ತಮ್ಮ ನುಡಿಯಲ್ಲಿ ಕಲಿಯುವುದು ಹೊಸದೇನಲ್ಲ. ಕುವೈತ್‌ನ ಮೊಹಮ್ಮದ್ ಅಲ್ ಶಾರೆಖ್ 1980ರ ದಶಕದಲ್ಲೇ ಸಖ್ರ್ ಕಂಪ್ಯೂಟರ್ ತಂದು, ಮಕ್ಕಳು ಅರಬ್ಬಿಯಲ್ಲಿ ಬೇಸಿಕ್ ಬರೆಯುವಂತೆ ಮಾಡಿದ್ದರು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಐಟಿ ಪಠ್ಯ ಕನ್ನಡದಲ್ಲೇ ಸಿಗುತ್ತದೆ. ಬೋರ್ಡ್ ಪರೀಕ್ಷೆ ಹತ್ತಿರವಾದಾಗ ಇಂಗ್ಲಿಷಿಗೆ ಹೊರಳಲೇಬೇಕು, ನಿಜ. ಅಷ್ಟರೊಳಗೆ ವಿಷಯ ತಲೆಗೆ ಹೋಗಿರುತ್ತದೆ.

4. ಸಿಬಿಎಸ್‌ಇ 12ನೇ ತರಗತಿಯ ಕಂಪ್ಯೂಟರ್ ಸೈನ್ಸ್‌ನಲ್ಲಿ 70 ಅಂಕ ಲಿಖಿತಕ್ಕೆ, 30 ಪ್ರಾಯೋಗಿಕಕ್ಕೆ. ಮಕ್ಕಳು ಪ್ರೋಗ್ರಾಮನ್ನೂ ಉರು ಹೊಡೆಯುವುದರಲ್ಲಿ ಆಶ್ಚರ್ಯವೇನಿದೆ? ಸರಿಯಾದ ಪ್ರೋಗ್ರಾಮಿನ ಒಂದು ಸಾಲು ಕೆಡಿಸಿ ಕೊಡಿ, ರಿಪೇರಿ ಮಾಡಲಿ.

5. ನಾಲ್ಕೈದು ಜನ ಒಂದೇ ಕೋಣೆಯಲ್ಲಿರುವ ಹುಡುಗರಿಗೆ ಇರುವುದು ಮೊಬೈಲ್ ಮಾತ್ರ. ಅದರಲ್ಲಿ ಪೈಡ್ರಾಯ್ಡ್ ಎಂಬ ಪೈಥಾನ್ ಆ್ಯಪ್ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ, ಆದರೆ ಸಾಲಿನ ಆರಂಭದ ಖಾಲಿ ಜಾಗವನ್ನು ಹೆಬ್ಬೆರಳಲ್ಲಿ ಸರಿಪಡಿಸುತ್ತ ಕೂರುವುದು ಹಿಂಸೆ. ಇಲ್ಲಿರುವ ಕನ್ನಡಿಗ ಎಂಜಿನಿಯರುಗಳಲ್ಲಿ ಒಂದು ಕೋರಿಕೆ: ಮನೆಯಲ್ಲಿ ಸುಮ್ಮನೆ ಬಿದ್ದಿರುವ ಹಳೆಯ ಲ್ಯಾಪ್‌ಟಾಪನ್ನು ಇಂಥ ಒಬ್ಬ ಹುಡುಗನಿಗೆ ಕೊಡಿ. ಕೊಟ್ಟು ಸುಮ್ಮನಾಗಬೇಡಿ, ಶುಕ್ರವಾರ ಸಂಜೆ ಒಂದು ಗಂಟೆ ಅವನ ಪಕ್ಕದಲ್ಲಿ ಕೂರಿ.