‘ಪಾಪಿ ಚಿರಾಯು’ ಎಂಬ ಮಾತೂ ಪ್ರಸಾದತತ್ತ್ವವೂ

‘ಪಾಪಿ ಚಿರಾಯು’ ಎಂಬುದು ಜನವಾಣಿ. ಸಜ್ಜನರು ಅಕಾಲದಲ್ಲಿ ಅಳಿಯುವುದನ್ನೂ ಲೋಕಕಂಟಕರು ಕೊಲೆಯ ಸಂಚುಗಳಿಂದ ಪಾರಾಗುವುದನ್ನೂ ಕಂಡು ನೊಂದವರ ಬಾಯಿಂದ ಹೊರಟ ಮಾತಿದು. ಭಕ್ತನ ಸಂಕಟ ಇನ್ನೂ ಆಳವಾದುದು. ಶಿವನ ಆಣತಿಯಿಲ್ಲದೆ ಹುಲ್ಲುಕಡ್ಡಿಯೂ ಅಲುಗದೆಂದು ನಂಬಿದವನಿಗೆ, ಹಾಗಾದರೆ ಆ ದುಷ್ಟನನ್ನು ಕಾಯ್ದವನೂ ಶಿವನೇ ಏನು ಎಂಬ ಶಂಕೆ ಹುಟ್ಟದಿರದು. ಅದೃಷ್ಟವೆಂದು ಹೇಳಿ ಕೈತೊಳೆದುಕೊಂಡರೆ ಶಂಕೆ ತೀರುವುದಿಲ್ಲ.

ಜರ್ಮನಿಯ ಸರ್ವಾಧಿಕಾರಿ ಹಿಟ್ಲರನ ಚರಿತ್ರೆಯಲ್ಲಿ ಇದಕ್ಕೆ ನಿದರ್ಶನಗಳಿವೆ. 1939ರ ನವೆಂಬರ್ 8ರಂದು ಮ್ಯೂನಿಕ್ ನಗರದ ಸಭಾಮಂದಿರವೊಂದರಲ್ಲಿ ಆತನ ಭಾಷಣವಿದ್ದಿತು. ಜಾರ್ಜ್ ಎಲ್ಸರ್ ಎಂಬ ಬಡಗಿಯು ಮೂವತ್ತಕ್ಕೂ ಮಿಕ್ಕ ರಾತ್ರಿಗಳು ಅಲ್ಲಿ ಅಡಗಿದ್ದು, ವೇದಿಕೆಯ ಹಿಂದಣ ಕಂಬವನ್ನು ಕೊರೆದು ಸಿಡಿಮದ್ದನ್ನು ಇಟ್ಟಿದ್ದನು. ಅಂದು ಮಂಜು ಕವಿದು ವಿಮಾನ ಹಾರುವಂತಿರಲಿಲ್ಲ. ರೈಲು ಹಿಡಿಯಬೇಕಾದ ಹಿಟ್ಲರನು ಮಾತನ್ನು ಮೊಟಕುಮಾಡಿ ಹೊರಟನು. ಹದಿಮೂರು ನಿಮಿಷಗಳ ತರುವಾಯ ಮದ್ದು ಸಿಡಿದು ಎಂಟು ಮಂದಿ ಸತ್ತರು. ಅವರಲ್ಲಿ ಅತಿಥಿಗಳಿಗೆ ಬಡಿಸುತ್ತಿದ್ದ ಹೆಣ್ಣುಮಗಳೊಬ್ಬಳೂ ಇದ್ದಳು.

1944ರ ಜುಲೈ 20ರಂದು ಪೂರ್ವ ಪ್ರಷ್ಯದ ಸೇನಾನೆಲೆಯಲ್ಲಿ ಸ್ಟೌಫನ್‌ಬರ್ಗ್ ಎಂಬ ಸೇನಾಧಿಕಾರಿಯು ಸಿಡಿಮದ್ದಿನ ಚರ್ಮಚೀಲವನ್ನು ಸಮಾಲೋಚನೆಯ ಮೇಜಿನ ಕೆಳಗಿಟ್ಟನು. ಯುದ್ಧದಲ್ಲಿ ಆತನ ಬಲಗೈಯೂ ಎಡಗೈಯ ಎರಡು ಬೆರಳುಗಳೂ ಹೋಗಿದ್ದವು. ಉಳಿದ ಮೂರು ಬೆರಳುಗಳಿಂದ ಇಕ್ಕಳ ಹಿಡಿದು ಎರಡು ಕಟ್ಟುಗಳನ್ನು ಸಿದ್ಧಪಡಿಸಬೇಕಾಗಿದ್ದಿತು. ನಡುವೆ ಕರೆ ಬಂದುದರಿಂದ ಒಂದು ಮಾತ್ರ ಸಿದ್ಧವಾಯಿತು. ಆತನು ಹೊರನಡೆದ ಮೇಲೆ ಚೀಲವು ಮೇಜಿನ ದಪ್ಪ ಕಾಲಿನ ಆಚೆಗೆ ಸರಿಯಿತು. ಸೆಕೆಯೆಂದು ಕಿಟಕಿಗಳು ತೆರೆದಿದ್ದವು. ನಾಲ್ವರು ಪ್ರಾಣ ಕಳೆದುಕೊಂಡರು. ಹಿಟ್ಲರನು ಅಲ್ಪ ಗಾಯಗಳಿಂದ ಪಾರಾದನು.

ಮಂಜು, ಇಕ್ಕಳ, ಮೇಜಿನ ಕಾಲು: ಕಣ್ಣಿಗೆ ಕಾಣುವ ಕಾರಣಗಳು ಇವು. ಮರದ ಕಾಲಿಗೆ ಪಾಪಪುಣ್ಯದ ಪರಿವೆಯಿಲ್ಲ. ಆದರೆ ಅಂದಿನ ರಾತ್ರಿಯೇ ಹಿಟ್ಲರನು ಬಾನುಲಿಯಲ್ಲಿ, ತಾನು ಉಳಿದುದು ತನ್ನ ಕಾರ್ಯ ಮುಂದುವರಿಯಲೆಂಬ ದೈವಸಂಕಲ್ಪಕ್ಕೆ ಸಾಕ್ಷಿಯೆಂದು ಸಾರಿದನು. ದೈವವೇ ಕಾಯಿತೆಂಬ ವಾದವನ್ನು ಹೂಡಿದವನು ಆ ಪೀಡಕನೇ ಎಂಬುದನ್ನು ಭಕ್ತರು ಲಕ್ಷಿಸತಕ್ಕದ್ದು.

ಶರಣರ ಪ್ರಸಾದತತ್ತ್ವವು ಇಲ್ಲಿ ದಾರಿ ತೋರುವುದು. ಕೈಗೆ ದೊರೆತುದೆಲ್ಲವೂ ಪ್ರಸಾದವಾಗಲಾರದು. ಲಿಂಗಕ್ಕೆ ಅರ್ಪಿಸಿ ಕೊಂಡುದು ಪ್ರಸಾದ. ಅರ್ಪಿಸದೆ ಉಂಡುದು ಅನರ್ಪಿತ. ಅನ್ನದ ವಿಷಯದಲ್ಲಿ ಈ ನೇಮವನ್ನು ಪಾಲಿಸುವ ಗೃಹಸ್ಥರು ಆಯುಷ್ಯಕ್ಕೂ ಅದನ್ನು ಅನ್ವಯಿಸಿ ನೋಡಬೇಕು. ಆ ಸ್ಫೋಟದ ಬಳಿಕ ಹಿಟ್ಲರನಿಗೆ ಒಂಬತ್ತು ತಿಂಗಳಿಗೂ ತುಸು ಹೆಚ್ಚಿನ ಕಾಲ ದೊರೆಯಿತು. ಸಂಚಿನ ನೆಪದಲ್ಲಿ ಸಾವಿರಾರು ಜನರ ವಧೆಯಾಯಿತು. ಯಹೂದ್ಯರ ಹತ್ಯೆ ಮುಂದುವರಿಯಿತು. ಸೆರೆಯಲ್ಲಿದ್ದ ಬಡಗಿ ಎಲ್ಸರನನ್ನು 1945ರ ಏಪ್ರಿಲ್ 9ರಂದು ಕೊಲ್ಲಲಾಯಿತು. ಅದೇ ತಿಂಗಳ 30ರಂದು ಹಿಟ್ಲರನು ತನ್ನ ಕೈಯಿಂದಲೇ ಸತ್ತನು. ಉಳಿದ ಆಯುಷ್ಯವೆಲ್ಲ ತನ್ನದೇ ಎಂದು ಉಂಡವನ ಕಥೆಯಿದು.

ಮಹಾತ್ಮಾ ಗಾಂಧಿಯವರ ಪ್ರಾರ್ಥನಾಸಭೆಯಲ್ಲಿಯೂ 1948ರ ಜನವರಿ 20ರಂದು ಬಾಂಬು ಸಿಡಿಯಿತು. ಅವರು ಅಪಾಯವಿಲ್ಲದೆ ಉಳಿದರು. ಉಳಿದುದು ಹತ್ತೇ ದಿನ. ಮರುದಿನವೇ ಅವರು ಆ ಯುವಕನನ್ನು ಯಾರೂ ದ್ವೇಷಿಸಬಾರದೆಂದು ನುಡಿದರು. ಪ್ರಾರ್ಥನೆಗೆ ಬರುವವರನ್ನು ಪೊಲೀಸರು ಶೋಧಿಸುವುದಕ್ಕೆ ಒಪ್ಪಲಿಲ್ಲ. 27ರಂದು ಮೆಹರೋಲಿಯ ದರ್ಗಾಕ್ಕೆ ಹೋಗಿ ಭಯಗ್ರಸ್ತ ಮುಸಲ್ಮಾನರ ನಡುವೆ ನಿಂತರು. ಪಾರಾದುದೇ ಕೃಪೆಯ ಗುರುತೆಂದರೆ, 30ರ ಗುಂಡುಗಳನ್ನು ಏನೆಂದು ಕರೆಯಬೇಕು? ಆ ಹತ್ತು ದಿನಗಳಾದರೋ ಸಂಪೂರ್ಣವಾಗಿ ಅರ್ಪಿತವಾದುವು.

ಕಲ್ಯಾಣದ ಕಥೆಯನ್ನೋದುವಾಗಲೂ ಈ ವಿವೇಕ ಬೇಕು. ಹರಳಯ್ಯ ಮಧುವಯ್ಯರಿಗೆ ಕ್ರೂರ ಶಿಕ್ಷೆಯಾದ ಬಳಿಕ ಜಗದೇವ ಮೊದಲಾದವರು ಬಿಜ್ಜಳನನ್ನು ವಧಿಸಿದರೆಂದು ಪುರಾಣಗಳು ಹೇಳುತ್ತವೆ. ಅದನ್ನು ಶಿವಸಂಕಲ್ಪವೆಂದು ಹೊಗಳುವವರುಂಟು. ಅರಸನು ಉಳಿದರೆ ದೈವ ಅವನ ಪಕ್ಷ, ಅಳಿದರೆ ದೈವ ನಮ್ಮ ಪಕ್ಷ ಎಂಬ ಲೆಕ್ಕವು ಹಿಟ್ಲರನ ಲೆಕ್ಕಕ್ಕಿಂತ ಬಹು ದೂರದ್ದಲ್ಲ. ಬಸವಣ್ಣನವರು ಕಲ್ಯಾಣವನ್ನು ತೊರೆದು ಕೂಡಲಸಂಗಮಕ್ಕೆ ಹೋಗಿದ್ದರು. ಬಿಜ್ಜಳನು ಸತ್ತನು, ಆದರೂ ಅನುಭವಮಂಟಪ ಉಳಿಯಲಿಲ್ಲ. ಶರಣರು ದಿಕ್ಕುದಿಕ್ಕಿಗೆ ಚದುರಿದರು. ಚೆನ್ನಬಸವಣ್ಣನವರ ಸಂಗಡ ಹೊರಟವರು ವಚನಗಳ ಕಟ್ಟುಗಳನ್ನು ಕಾಪಾಡಿಕೊಂಡು ಉಳವಿಯ ಕಾಡನ್ನು ಸೇರಿದರು.