ಚಾರ್ಜಿಗಿಟ್ಟ ಬ್ಯಾಟರಿ ಸುಟ್ಟರೆ ಹೊಣೆ ಯಾರದು?

2022ರ ಏಪ್ರಿಲ್‌ನಲ್ಲಿ ನೆರೆಯ ತೆಲಂಗಾಣದ ನಿಜಾಮಾಬಾದಿನಲ್ಲಿ, ರಾತ್ರಿ ಮನೆಯೊಳಗೆ ಚಾರ್ಜಿಗಿಟ್ಟಿದ್ದ ಸ್ಕೂಟರ್ ಬ್ಯಾಟರಿ ಸಿಡಿದು ವೃದ್ಧರೊಬ್ಬರು ತೀರಿಕೊಂಡರು. ಇಂಥ ಅವಘಡಗಳ ಬೆನ್ನಿಗೇ ಕೇಂದ್ರ ಸರ್ಕಾರ ಬ್ಯಾಟರಿ ಸುರಕ್ಷತೆಯ ಎಐಎಸ್-156 ಮಾನದಂಡವನ್ನು ಬಿಗಿಗೊಳಿಸಿ, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಕೊನೆಯಿಂದ ಎರಡು ಹಂತಗಳಲ್ಲಿ ಜಾರಿಗೆ ತಂದಿತು. ನಮ್ಮ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಅಂಗಡಿಗಳಲ್ಲಿ ಬ್ಯಾಟರಿ ಬೈಕ್ ಕೊಳ್ಳುವವರು ಬೆಲೆಗಿಂತ ಮೊದಲು ಈ ಮಾನದಂಡದ ಪ್ರಮಾಣಪತ್ರ ಕೇಳಲಿ. ಗಂಟೆಗೆ 25 ಕಿ.ಮೀ. ಮೀರದ, 250 ವ್ಯಾಟ್ ಒಳಗಿನ, ಪರೀಕ್ಷಾ ಸಂಸ್ಥೆ ಒಪ್ಪಿದ ಹಗುರ ಬೈಕಿಗೆ ನೋಂದಣಿ, ಲೈಸೆನ್ಸ್ ಬೇಡ. ಆದರೆ ಗ್ರಾಹಕನ ಹಕ್ಕು ಅದಕ್ಕೂ ಅಷ್ಟೇ ಇದೆ.

ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ 84ನೇ ಕಲಂ ಪ್ರಕಾರ ತಯಾರಿಕೆಯಲ್ಲಿ ಅಥವಾ ವಿನ್ಯಾಸದಲ್ಲಿ ದೋಷವಿದ್ದರೆ, ಬಳಸುವ ಬಗೆಯನ್ನು ಸರಿಯಾಗಿ ತಿಳಿಸದಿದ್ದರೆ, ಆದ ಹಾನಿಗೆ ಕಂಪನಿಯೇ ಹೊಣೆ. ಆದರೆ ಜನ ಮುಖ್ಯವಾಗಿ ತಿಳಿಯಬೇಕಾದ್ದು 87ನೇ ಕಲಂ. ವಸ್ತುವನ್ನು ದುರ್ಬಳಕೆ ಮಾಡಿದ್ದರೆ ಅಥವಾ ಮಾರ್ಪಡಿಸಿದ್ದರೆ ಮಾರಾಟಗಾರನ ಮೇಲೆ ದಾವೆ ನಿಲ್ಲದು. ಕಂಪನಿಯ ವಕೀಲರೂ ಅದನ್ನೇ ಮುಂದಿಡುತ್ತಾರೆ. ಬೇರೆ ಚಾರ್ಜರ್ ಬಳಸಿದ್ದು, ಬ್ಯಾಟರಿ ಬಿಚ್ಚಿಸಿ ಸೆಲ್ ಹಾಕಿಸಿದ್ದು ಜೀವಕ್ಕೂ ಅಪಾಯ, ಪರಿಹಾರಕ್ಕೂ ಅಡ್ಡಿ. ರಿಪೇರಿ ಅಧಿಕೃತ ಸರ್ವಿಸ್‌ನಲ್ಲೇ ಆಗಲಿ, ರಸೀದಿ ಇರಲಿ.

ರಾಯಚೂರು ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ಓಡಿಸಿ ತಂದ ಕೂಡಲೇ ಚಾರ್ಜಿಗೆ ಹಾಕಬೇಡಿ, ಬ್ಯಾಟರಿ ತಣಿಯಲಿ. ಮಲಗುವ ಕೋಣೆ, ಮೆಟ್ಟಿಲ ಕೆಳಗೆ, ತಲಬಾಗಿಲ ಪಕ್ಕ ಬೇಡವೇ ಬೇಡ. ಬೆಂಕಿ ಹತ್ತಿದರೆ ಮನೆಮಂದಿ ಹೊರಬರುವ ದಾರಿಯೇ ಮುಚ್ಚುತ್ತದೆ. ಎಕ್ಸ್‌ಟೆನ್ಷನ್ ಬಾಕ್ಸ್ ಬಿಟ್ಟು, ಅರ್ಥಿಂಗ್ ಇರುವ ಗೋಡೆಯ ಪ್ಲಗ್ಗಿಗೇ ಹಾಕಿ. ಎಲ್ಲರೂ ಎಚ್ಚರವಿರುವಾಗ ಚಾರ್ಜ್ ಮುಗಿಯಲಿ. ಉಬ್ಬಿದ, ವಾಸನೆ ಬರುವ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಬೇಡಿ. ವೋಲ್ಟೇಜ್ ಏರಿಳಿತವಿದ್ದರೆ ವಿದ್ಯುತ್ ಕಂಪನಿ ಜೆಸ್ಕಾಂನ 1912ಕ್ಕೆ ದೂರು ಕೊಟ್ಟು, ದೂರಿನ ಸಂಖ್ಯೆ ಬರೆದಿಡಿ.

ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಇರುವವರಿಗೆ ಇನ್ನೊಂದು ಮಾತು. ಚಾರ್ಜ್ ಮಾಡಿದಷ್ಟೂ ಮನೆಯ ಯೂನಿಟ್ ಏರುತ್ತದೆ. ಮನೆಗೆ ಗೊತ್ತುಮಾಡಿದ ಮಿತಿ ಮೀರಿದ ಯೂನಿಟ್‌ಗೆ ಹಣ ಕಟ್ಟಬೇಕು. ತಿಂಗಳಿಗೆ 200 ದಾಟಿದರೆ ಪೂರ್ತಿ ಬಿಲ್.

ಹೊಗೆ ಕಂಡರೆ ಎಲ್ಲರೂ ಹೊರಗೆ ಬನ್ನಿ. ಆ ಹೊಗೆ ವಿಷ. ಕೈಗೆ ಸುಲಭವಾಗಿ ಸಿಗುವಂತಿದ್ದರೆ ಮೇನ್ ಸ್ವಿಚ್ ಆರಿಸಿ, 112ಕ್ಕೆ ಕರೆ ಮಾಡಿ. ಆಮೇಲೆ ಫೋಟೊ ತೆಗೆದು, ಪೊಲೀಸ್ ದೂರಿನ ಸ್ವೀಕೃತಿ ಮತ್ತು ಅಗ್ನಿಶಾಮಕ ಠಾಣೆಯ ವರದಿ ಪಡೆಯಿರಿ. ಸುಟ್ಟ ಬ್ಯಾಟರಿ ಮತ್ತೆ ಹೊತ್ತಿಕೊಳ್ಳಬಹುದು, ಮನೆಯಿಂದ ದೂರ ಬಯಲಲ್ಲಿರಲಿ. ‘ಪರೀಕ್ಷೆಗೆ ಒಯ್ಯುತ್ತೇವೆ’ ಎಂದು ಡೀಲರ್ ಕಡೆಯವರು ಬಂದರೆ ಬರಹದಲ್ಲಿ ಸ್ವೀಕೃತಿ ಪಡೆಯದೆ ಕೊಡಬೇಡಿ. ಅದು ನಿಮ್ಮ ಸಾಕ್ಷಿ. ದೂರು ಕೊಟ್ಟರೆ ಗ್ರಾಹಕ ಆಯೋಗವೇ ಅದನ್ನು ಪ್ರಯೋಗಾಲಯಕ್ಕೆ ಕಳಿಸಬಲ್ಲದು.

ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಿ. ಮಸ್ಕಿಯ ಅಶೋಕ ಶಾಸನ ಬೆಳಕಿಗೆ ಬಂದ ವರ್ಷವೂ 1915, ನಮ್ಮವರಿಗೆ ಮರೆಯದ ಸಂಖ್ಯೆ. ಅಲ್ಲಿ ಬಗೆಹರಿಯದಿದ್ದರೆ ರಾಯಚೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಬೈಕನ್ನು ಹೈದರಾಬಾದಿನಲ್ಲಿ ಕೊಂಡಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು 34ನೇ ಕಲಂ ಅವಕಾಶ ಕೊಡುತ್ತದೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಗಡುವು ಎರಡು ವರ್ಷ. ಆನ್‌ಲೈನ್‌ನಲ್ಲೂ ದೂರು ಸಲ್ಲಿಸಬಹುದು. ಪ್ರತಿ ವಾಯಿದೆಗೆ ರಾಯಚೂರಿಗೆ ಓಡಾಡಲಾಗದವರು ವಿಡಿಯೊ ಕಾನ್ಫರೆನ್ಸ್ ವಿಚಾರಣೆಗೆ ಅರ್ಜಿ ಹಾಕಬಹುದು.