ಕಾಫಿ ಲೋಟದ ಮೇಲಿನ ಹಸಿರು ಎಲೆ: ನಂಬುವ ಮುನ್ನ ಓದುವುದು ಹೇಗೆ?

ರಾಮನಗರ, ಚನ್ನಪಟ್ಟಣದ ಹೆದ್ದಾರಿ ಹೋಟೆಲುಗಳಿಂದ ಹಿಡಿದು ಕನಕಪುರ, ಮಾಗಡಿಯ ಕಾಫಿ ಅಂಗಡಿಗಳವರೆಗೆ ಕಾಗದದ ಲೋಟ ಬಳಕೆಗೆ ಬಂದಿದೆ. ಕೆಲವುಗಳ ಮೇಲೆ ಹಸಿರು ಎಲೆಯ ಚಿತ್ರವೂ ಇರುತ್ತದೆ. 2022ರ ಜುಲೈ 1ರಿಂದ ದೇಶದಲ್ಲಿ ಪ್ಲಾಸ್ಟಿಕ್ ಲೋಟ, ಸ್ಟ್ರಾ, ಕಲಕುವ ಕಡ್ಡಿಗಳಿಗೆ ನಿಷೇಧ ಬಂತು. ಆ ಪಟ್ಟಿಯಲ್ಲಿ ಕಾಗದದ ಲೋಟದ ಹೆಸರಿರಲಿಲ್ಲ. ಹಾಗಾದರೆ ಅದರಲ್ಲಿ ಪ್ಲಾಸ್ಟಿಕ್ ಇಲ್ಲವೇ? ಕುಡಿದ ಲೋಟವನ್ನು ಅರ್ಧ ದಿನ ನೀರಲ್ಲಿ ನೆನೆಹಾಕಿ ಅಂಚು ಹರಿದು ನೋಡಿ. ಕಾಗದ ಮೆತ್ತಗಾಗಿ ಕಳಚಿಕೊಂಡರೂ ಒಳಮೈಯ ತೆಳ್ಳನೆಯ ಪೊರೆ ಹಾಗೇ ಉಳಿಯುತ್ತದೆ. ಅದು ಸಾಮಾನ್ಯವಾಗಿ ಪಾಲಿಥೀನ್. ಇಂಥ ಲೋಟದಲ್ಲಿ 85ರಿಂದ 90 ಡಿಗ್ರಿ ಬಿಸಿಯ 100 ಮಿ.ಲೀ. ನೀರು 15 ನಿಮಿಷ ಇದ್ದರೆ ಸುಮಾರು 25,000 ಮೈಕ್ರೊಪ್ಲಾಸ್ಟಿಕ್ ಕಣಗಳು ಸೇರುತ್ತವೆ ಎಂದು ಖರಗ್‌ಪುರ ಐಐಟಿ ಸಂಶೋಧಕರು 2020ರಲ್ಲಿ ವರದಿ ಮಾಡಿದ್ದರು. (ಒಂದು ಕಾಫಿಗೆ 15 ನಿಮಿಷ ಹಿಡಿಸುವವರು ಬಸ್ ನಿಲ್ದಾಣದಲ್ಲಿ ಸಿಗುವುದಿಲ್ಲ, ಆ ಮಾತು ಬೇರೆ.)

ಆದ್ದರಿಂದ ಮೊದಲ ಕೆಲಸ, ಹೊಗಳಿಕೆ ಬಿಟ್ಟು ಷರತ್ತು ಹುಡುಕುವುದು. ‘ಪರಿಸರಸ್ನೇಹಿ’, ‘ನೈಸರ್ಗಿಕ’ ಎಂಬ ಮಾತುಗಳಲ್ಲಿ ಪರೀಕ್ಷಿಸಬಹುದಾದದ್ದು ಏನೂ ಇಲ್ಲ, ಬದಿಗಿಡಿ. ‘ಸಸ್ಯಮೂಲ’ ಎಂದರೆ ಯಾವುದರಿಂದ ಮಾಡಿದ್ದು ಎಂದು ಗೊತ್ತಾಗುತ್ತದೆ, ಹೇಗೆ ಕೊಳೆಯುತ್ತದೆ ಎಂದಲ್ಲ. ‘ಬಯೋಡಿಗ್ರೇಡಬಲ್’ ಎಂದಿದ್ದರೆ ಎಲ್ಲಿ, ಎಷ್ಟು ದಿನದಲ್ಲಿ ಎಂದೂ ಇರಬೇಕು. ಇವುಗಳಲ್ಲಿ ಬಿಗಿಯಾದ ಮಾತು ‘ಕಾಂಪೋಸ್ಟಬಲ್’. ಅಂಥ ಪ್ಲಾಸ್ಟಿಕ್ ಐಎಸ್/ಐಎಸ್‌ಒ 17088 ಮಾನಕಕ್ಕೆ ಹೊಂದಬೇಕು, ತಯಾರಕರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರವಿರಬೇಕು. ಆ ಪತ್ರದ ಸಂಖ್ಯೆ ಕಾಣದಿದ್ದರೆ ಅಂಗಡಿಯವರನ್ನು ಕೇಳಿ. ಸಂಖ್ಯೆ ಇದ್ದರೂ ತಿಪ್ಪೆಗೆ ಎಸೆಯಬೇಡಿ: ಆ ಮಾನಕದ ಪರೀಕ್ಷೆ ನಡೆಯುವುದು ಸುಮಾರು 58 ಡಿಗ್ರಿ ಬಿಸಿಯಲ್ಲಿ, ಮನೆಯ ತಿಪ್ಪೆಯಲ್ಲಿ ಅಷ್ಟು ಬಿಸಿ ವಾರಗಟ್ಟಲೆ ನಿಲ್ಲುವುದಿಲ್ಲ.

ಎರಡನೆಯ ಕೆಲಸ, ಕಸದ ಗಾಡಿ ಎಲ್ಲಿಗೆ ಹೋಗುತ್ತದೆಂದು ತಿಳಿಯುವುದು. ಲೋಟದ ಮೇಲೆ ಏನೇ ಬರೆದಿರಲಿ, ಅದರ ಗತಿ ತೀರ್ಮಾನವಾಗುವುದು ಅಲ್ಲೇ. ಹಳ್ಳಿಗಳಲ್ಲಿ ಪಂಚಾಯಿತಿಯ ಗಾಡಿ ಸ್ವಚ್ಛ ಸಂಕೀರ್ಣಕ್ಕೆ ತರುವ ಒಣಕಸವನ್ನು ಕೈಯಿಂದಲೇ ಬೇರ್ಪಡಿಸುತ್ತಾರೆ. ಕಾಂಪೋಸ್ಟಬಲ್ ಲೋಟವನ್ನೂ ಪಾಲಿಥೀನ್ ಲೋಟವನ್ನೂ ಕಣ್ಣಳತೆಯಲ್ಲಿ ಗುರುತಿಸುವುದು ಕಷ್ಟ. ಕಾಫಿ ಸ್ಯಾಷೆಯದು ಇನ್ನೂ ಕಗ್ಗಂಟು. ಕೈಯಲ್ಲಿ ಮುದುರಿ ಬಿಟ್ಟರೆ ಅದು ಮತ್ತೆ ಅರಳಿಕೊಳ್ಳುತ್ತದೆ. ಒಳಗಿನ ಬೆಳ್ಳಿ ಹೊಳಪು ಪ್ಲಾಸ್ಟಿಕ್ ಪದರಕ್ಕೆ ಅಂಟಿದ ಲೋಹದ್ದು. ಆ ಪದರಗಳನ್ನು ಬಿಡಿಸುವ ಖರ್ಚು ಹುಟ್ಟುವುದಿಲ್ಲವಾದ್ದರಿಂದ ಗುಜರಿಯವರು ಅದನ್ನು ಮುಟ್ಟುವುದಿಲ್ಲ. ಚರಂಡಿಗೆ ಬಿದ್ದರೆ ಮಳೆಯಲ್ಲಿ ಅರ್ಕಾವತಿಗೆ, ಅಲ್ಲಿಂದ ಸಂಗಮದಲ್ಲಿ ಕಾವೇರಿಗೆ. ಒಂದು ಕಾಫಿಗೆ ಒಂದು ಹೊದಿಕೆ ಎಂಬ ಈ ಲೆಕ್ಕವನ್ನೇ ಒಪ್ಪದೆ ಜರ್ಮನಿಯ ಹ್ಯಾಂಬರ್ಗ್ ನಗರ 2016ರಲ್ಲಿ ತನ್ನ ಸರ್ಕಾರಿ ಕಚೇರಿಗಳಿಗೆ ಒಂದೇ ಲೋಟಕ್ಕಾಗುವಷ್ಟು ಪುಡಿ ತುಂಬಿದ ಕಾಫಿ ಕ್ಯಾಪ್ಸೂಲ್ ಕೊಳ್ಳುವುದನ್ನು ನಿಲ್ಲಿಸಿತು.

ಸ್ಯಾಷೆ ಬಡವರ ಕಾಫಿ, ದಿನಗೂಲಿಯವರು ಕಾಲು ಕೆ.ಜಿ. ಪುಡಿ ಹೇಗೆ ಕೊಳ್ಳಬೇಕು ಎಂಬ ಆಕ್ಷೇಪಣೆ ತೂಕದ್ದೇ. ಆದರೆ ಬೀಜ ಹುರಿದು ಪುಡಿಮಾಡಿ ಕೊಡುವ ಅಂಗಡಿಗಳಲ್ಲಿ 50 ಗ್ರಾಂ ಕೂಡ ಸಿಗುತ್ತದೆ. ಡಬ್ಬಿ ಒಯ್ದರೆ ಹೊದಿಕೆಯೇ ಬೇಡ. ಸ್ಯಾಷೆಯೇ ಗತಿ ಎನ್ನುವವರನ್ನು ದೂರುವುದೂ ಸರಿಯಲ್ಲ: ಪ್ಲಾಸ್ಟಿಕ್ ಹೊದಿಕೆಯನ್ನು ವಾಪಸು ಸಂಗ್ರಹಿಸುವ ಹೊಣೆಯನ್ನು ನಿಯಮವೇ ಉತ್ಪಾದಕರ ಮೇಲೆ ಹಾಕಿದೆ. ಇನ್ನು ಕಾಗದದ ಲೋಟದ ಬದಲಿಗೆ ಕೇಳಬಹುದಾದ ಸ್ಟೀಲ್ ಲೋಟ ಶುಚಿಯಲ್ಲ ಎನ್ನುವವರ ಅಂಜಿಕೆ ಲೋಟದ ಮೇಲಲ್ಲ, ತೊಳೆಯುವ ಬಕೆಟ್‌ನ ನೀರಿನ ಮೇಲೆ. ಕುದಿನೀರಲ್ಲಿ ಅದ್ದಿ ಕೊಡಿ ಎಂದು ಕೇಳುವುದು ಗಿರಾಕಿಯ ಹಕ್ಕು.

ಮನೆಯಲ್ಲಿ ಫಿಲ್ಟರ್ ಇದ್ದರೆ ಉಳಿಯುವುದು ಚರಟ ಮಾತ್ರ. ಅದನ್ನು ಒಣ ಎಲೆಯೊಂದಿಗೆ ಬೆರೆಸಿ ಗೊಬ್ಬರದ ಗುಂಡಿಗೆ ಹಾಕಿ. ಗಿಡದ ಬುಡಕ್ಕೇ ದಪ್ಪಗೆ ಸುರಿದರೆ ಹೆಪ್ಪುಗಟ್ಟಿ ನೀರಿಳಿಯಲು ಬಿಡುವುದಿಲ್ಲ. ಸ್ಯಾಷೆ ಕೊಂಡೇ ಇದ್ದರೆ ಮೂಲೆಯನ್ನು ಪೂರ್ತಿ ಹರಿಯಬೇಡಿ, ಅಂಟಿಕೊಂಡೇ ಇರಲಿ. ಕಸ ಆಯುವವರ ಕೈಗೆ ಮೊದಲು ತಪ್ಪಿಹೋಗುವುದು ಆ ಚೂರೇ.